ಅವಕಾಶದ ಸುದ್ದಿ ಕೊನೆಯ ಶಾಲೆಗೂ ತಲುಪಲಿ: ಶಾಲಾ ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆಯುಕ್ತರು, ಶಾಲಾ ಶಿಕ್ಷಣ ಇಲಾಖೆ, ಬೆಂಗಳೂರು
ಮಾನ್ಯ ನಿರ್ದೇಶಕರು, ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ), ಬೆಂಗಳೂರು
ಮಾನ್ಯ ಅಪರ ಆಯುಕ್ತರು, ಧಾರವಾಡ ಮತ್ತು ಕಲಬುರಗಿ

ವಿಷಯ: ಸರ್ಕಾರಿ ಶಾಲಾ ಶಿಕ್ಷಕರಿಗೆ ದೊರೆಯುವ ತರಬೇತಿ, ನಿಯೋಜನೆ, ಪ್ರಶಸ್ತಿ ಹಾಗೂ ವ್ಯಾಸಂಗದ ಅವಕಾಶಗಳ ಮಾಹಿತಿಯನ್ನು ಪ್ರತಿಯೊಬ್ಬ ಶಿಕ್ಷಕರಿಗೂ ನೇರವಾಗಿ ಮತ್ತು ಸಕಾಲದಲ್ಲಿ ತಲುಪಿಸುವ ಬಗ್ಗೆ.

ಮಾನ್ಯರೇ,

ಕಲ್ಯಾಣ ಕರ್ನಾಟಕದ ಹಳ್ಳಿಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸಹಶಿಕ್ಷಕಿಯಾಗಿ, ಕೊನೆಯ ವರ್ಷಗಳಲ್ಲಿ ಮುಖ್ಯ ಶಿಕ್ಷಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಸೇವೆಯಲ್ಲಿದ್ದಾಗ ಸಮಾಲೋಚನಾ ಸಭೆಗಳಲ್ಲಿ ಎದ್ದು ನಿಂತು ಹೇಳುತ್ತಿದ್ದ ಮಾತನ್ನೇ ಈಗ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಬೆಳೆಯಲು ಅವಕಾಶಗಳೇ ಇಲ್ಲವೆಂದು ನಾನು ಹೇಳಲಾರೆ. ಇಲಾಖೆ ಪ್ರತಿವರ್ಷ ಹಲವು ಅವಕಾಶಗಳನ್ನು ಕೊಡುತ್ತದೆ, ಕೇಂದ್ರದ ಸಂಸ್ಥೆಗಳೂ ಕೊಡುತ್ತವೆ. ಆದರೆ ಅವುಗಳ ಸುದ್ದಿ ಯಾರಿಗೆ ಮೊದಲು ತಿಳಿಯುತ್ತದೆ, ಯಾರಿಗೆ ಕೊನೆಯಲ್ಲಿ ತಿಳಿಯುತ್ತದೆ, ಯಾರಿಗೆ ತಿಳಿಯುವುದೇ ಇಲ್ಲ ಎಂಬುದು ಶಿಕ್ಷಕರ ಯೋಗ್ಯತೆಯ ಮೇಲೆ ನಿಂತಿಲ್ಲ. ಅವರ ಶಾಲೆ ತಾಲ್ಲೂಕು ಕೇಂದ್ರದಿಂದ ಎಷ್ಟು ದೂರವಿದೆ, ಅವರಿಗೆ ಕಚೇರಿಯಲ್ಲಿ ಎಷ್ಟು ಜನರ ಪರಿಚಯವಿದೆ ಎಂಬುದರ ಮೇಲೆ ನಿಂತಿದೆ. ಇದನ್ನು ಸರಿಪಡಿಸಲು ಹೊಸ ಯೋಜನೆಯಾಗಲಿ, ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ ಎಂಬ ಖಚಿತ ನಂಬಿಕೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂದು ಸುತ್ತೋಲೆ ಹಳ್ಳಿಯ ಶಾಲೆಗೆ ಬರುವ ದಾರಿಯನ್ನು ತಾವು ಒಮ್ಮೆ ಹಿಂಬಾಲಿಸಿ ನೋಡಬೇಕೆಂದು ಕೋರುತ್ತೇನೆ. ಬೆಂಗಳೂರಿನಲ್ಲಿ ಸಹಿಯಾದ ಪತ್ರ ಉಪನಿರ್ದೇಶಕರ ಕಚೇರಿಗೆ ಬರುತ್ತದೆ, ಅಲ್ಲಿ ಒಂದು ಮೊಹರು ಬಿದ್ದು ಪೃಷ್ಠಾಂಕನದೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಇಳಿಯುತ್ತದೆ, ಅಲ್ಲಿ ಇನ್ನೊಂದು ಮೊಹರು, ಇನ್ನೊಂದು ಒಳಬಂದ ದಿನಾಂಕ. ಅನಂತರ ಯಾರೋ ಅದರ ಫೋಟೋ ತೆಗೆದು ಸಿಆರ್‌ಪಿಗಳ, ಅಂದರೆ ಕ್ಲಸ್ಟರ್ ಎಂಬ ಶಾಲೆಗಳ ಗುಂಪನ್ನು ನೋಡಿಕೊಳ್ಳುವ ಸಂಪನ್ಮೂಲ ವ್ಯಕ್ತಿಗಳ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಸಿಆರ್‌ಪಿ ಅದನ್ನು ಕ್ಲಸ್ಟರಿನ ಮುಖ್ಯ ಶಿಕ್ಷಕರ ಗುಂಪಿಗೆ ಕಳಿಸುತ್ತಾರೆ. ಶಿಕ್ಷಕಿಯ ಮೊಬೈಲಿಗೆ ಬರುವ ಹೊತ್ತಿಗೆ ಅದು ಓರೆಯಾಗಿ ತೆಗೆದ, ಅಂಚು ಕತ್ತರಿಸಿಹೋದ, ಮೂರು ಮೊಹರುಗಳ ಕೆಳಗೆ ಅರ್ಧ ಅಕ್ಷರ ಮುಚ್ಚಿಹೋದ ಒಂದು ಚಿತ್ರ. ಅದರ ಹಿಂದೆ ಮುಂದೆ ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಮೊಟ್ಟೆ ವಿತರಣೆಯ ವರದಿ, ಮಕ್ಕಳ ದಾಖಲೆಯ ತಂತ್ರಾಂಶವಾದ ಸ್ಯಾಟ್ಸ್‌ನಲ್ಲಿ ಬಾಕಿ ಇರುವ ಮಕ್ಕಳ ವಿವರ, ಶಾಲೆಗಳ ಅಂಕಿಅಂಶದ ಯುಡೈಸ್ ತಿದ್ದುಪಡಿ, ಎಲ್ಲವೂ ‘ಅತಿ ಜರೂರು’ ಎಂಬ ತಲೆಬರಹ ಹೊತ್ತು ಬಂದಿರುತ್ತವೆ. ಆ ರಾಶಿಯಲ್ಲಿ ಒಂದು ತರಬೇತಿಗೆ ಆಸಕ್ತರು ಹೆಸರು ನೀಡಬಹುದು ಎಂಬ ಪತ್ರ ಸಿಕ್ಕಿ, ಅದನ್ನು ದೊಡ್ಡದು ಮಾಡಿ ಓದಿ, ಕೊನೆಯ ದಿನಾಂಕ ಹುಡುಕಿದರೆ ಅದು ನಿನ್ನೆಯೋ ಮೊನ್ನೆಯೋ ಆಗಿರುತ್ತದೆ. ಲಗತ್ತಿಸಿದೆ ಎಂದು ಹೇಳಿದ ಅನುಬಂಧ ಆ ಚಿತ್ರದ ಜೊತೆಗೆ ಬಂದಿರುವುದೇ ಇಲ್ಲ.

ನಾನು ಕೆಲಸ ಮಾಡಿದ ಒಂದು ತಾಲ್ಲೂಕಿನಲ್ಲಿ ನಡೆದದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯಲ್ಲಿ ನಲಿ-ಕಲಿ, ಅಂದರೆ ಪುಟ್ಟ ಮಕ್ಕಳು ಕಾರ್ಡುಗಳ ಮೂಲಕ ತಮ್ಮ ವೇಗದಲ್ಲಿ ಕಲಿಯುವ, ತರಗತಿ ನೋಡಿಕೊಳ್ಳುತ್ತಿದ್ದ ಕಿರಿಯ ಶಿಕ್ಷಕಿಯೊಬ್ಬರಿಗೆ ಇಂಗ್ಲಿಷ್ ಚೆನ್ನಾಗಿ ಕಲಿಸಬೇಕೆಂಬ ಹಂಬಲವಿತ್ತು. ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿ 1963ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಅಲ್ಲಿ ಸರ್ಕಾರಿ ಶಾಲಾ ಶಿಕ್ಷಕರಿಗೆಂದೇ 30 ದಿನಗಳ ವಸತಿಸಹಿತ ತರಬೇತಿ ಇದೆ ಎಂದು ಅವರಿಗೆ ಗೊತ್ತಿತ್ತು. ಪ್ರತಿಸಲವೂ ತಾಲ್ಲೂಕಿಗೆ ನಿಗದಿಯಾದ ಸಂಖ್ಯೆಯ ಹೆಸರುಗಳು ಹೋಗಿ, ಬಿಡುಗಡೆ ಆದೇಶಗಳೂ ಆದ ಮೇಲೆ ಅವರಿಗೆ ತಿಳಿಯುತ್ತಿತ್ತು. ಅದೇ ಪಟ್ಟಿಯಲ್ಲಿ, ತರಬೇತಿಯೇ ಬೇಡವೆನ್ನುತ್ತಿದ್ದ, ಮನೆಯಲ್ಲಿ ವಯಸ್ಸಾದವರನ್ನು ಬಿಟ್ಟು ಬರಲಾಗದೆ ಕಣ್ಣೀರು ಹಾಕುತ್ತಿದ್ದ ಶಿಕ್ಷಕಿಯೊಬ್ಬರ ಹೆಸರೂ ಇರುತ್ತಿತ್ತು. ಹೋಗಬೇಕೆನ್ನುವವರಿಗೆ ಸುದ್ದಿಯಿಲ್ಲ, ಹೋಗಲಾಗದವರಿಗೆ ನೋಟಿಸು. ಆ ಕಚೇರಿಯಲ್ಲಿ ಯಾರೂ ದುರುದ್ದೇಶದಿಂದ ಹಾಗೆ ಮಾಡಿದರೆಂದು ನನಗೆ ಅನಿಸಿಲ್ಲ. ಎರಡು ದಿನದಲ್ಲಿ ಹೆಸರು ಕಳಿಸಿ ಎಂದು ಮೇಲಿನಿಂದ ಒತ್ತಡ ಬಂದಾಗ ಕೆಳಗಿನವರು ಕೈಗೆ ಸಿಕ್ಕ ಹೆಸರುಗಳನ್ನು ಬರೆದು ಕಳಿಸುತ್ತಾರೆ. ಆದರೆ ಆ ಕಿರಿಯ ಶಿಕ್ಷಕಿ ಕೇಳುವುದನ್ನೇ ಬಿಟ್ಟುಬಿಟ್ಟರಲ್ಲ, ಅದು ನನಗೆ ಇವತ್ತಿಗೂ ನೋವಿನ ಸಂಗತಿ.

ಶಿಕ್ಷಕರಿಗೆ ಸಕಾಲದಲ್ಲಿ ಒಂದು ಬಾಗಿಲು ತೆರೆದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಇಲಾಖೆಯ ಇತಿಹಾಸದಲ್ಲಿಯೇ ದೊಡ್ಡ ಸಾಕ್ಷಿ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲಾ ಶಿಕ್ಷಕರ ಒಂದು ತಂಡಕ್ಕೆ ಆಂಧ್ರಪ್ರದೇಶದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ನೋಡಿಬರುವ ಅವಕಾಶ ಸಿಕ್ಕಿತು. ಯುನಿಸೆಫ್ ನೆರವಾಯಿತು, ಅಧಿಕಾರಿಗಳು ಬೆನ್ನಿಗೆ ನಿಂತರು. ಹೋಗಿಬಂದವರು ನೋಡಿದ್ದನ್ನು ಹಾಗೆಯೇ ತಂದು ಒಪ್ಪಿಸಲಿಲ್ಲ. ತಮ್ಮ ಕಾಡಂಚಿನ ಹಾಡಿಗಳ ಮಕ್ಕಳಿಗೆ, ಒಂದೇ ಕೋಣೆಯಲ್ಲಿ ಎರಡು ಮೂರು ತರಗತಿ ಕೂರುವ ಶಾಲೆಗಳಿಗೆ ಹೊಂದುವಂತೆ ಕಾರ್ಡುಗಳನ್ನು ಬರೆದರು, ಕಲಿಕಾ ಏಣಿ ಕಟ್ಟಿದರು, ಮೈಲಿಗಲ್ಲುಗಳನ್ನು ಜೋಡಿಸಿದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ಹರಡಿತು, ಹೊರರಾಜ್ಯಗಳಿಂದ ಜನ ಬಂದು ನೋಡಿಹೋದರು. ಅದರ ಗುಣದೋಷಗಳ ಚರ್ಚೆ ಈ ಪತ್ರದ ವಿಷಯವಲ್ಲ. ನನಗೆ ಮುಖ್ಯವೆನಿಸುವುದು ಇಷ್ಟು: ತರಗತಿಯ ಒಳಗಿದ್ದ ಶಿಕ್ಷಕರಿಗೆ ಒಂದು ಪ್ರವಾಸದ ಅವಕಾಶ ದೊರೆತದ್ದರಿಂದ ಒಂದು ತಲೆಮಾರಿನ ಮಕ್ಕಳ ಕಲಿಕೆಯ ರೀತಿಯೇ ಬದಲಾಯಿತು. ಅಂಥ ಇನ್ನೊಂದು ತಂಡ ಇಂದು ದೇವದುರ್ಗದಲ್ಲಿಯೋ, ಜೊಯಿಡಾದಲ್ಲಿಯೋ, ಪಾವಗಡದಲ್ಲಿಯೋ ಇರಬಹುದು. ಅವರಿಗೆ ಸುದ್ದಿಯೇ ತಲುಪದಿದ್ದರೆ ಅವರು ಹೊರಡುವುದು ಹೇಗೆ?

ಹೊರಡಲು ಇರುವ ದಾರಿಗಳು ಕಡಿಮೆಯೇನಲ್ಲ. ಮೈಸೂರಿನಲ್ಲಿ ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. ಧಾರವಾಡದಲ್ಲಿ ಮುಖ್ಯ ಶಿಕ್ಷಕರ ಹಾಗೂ ಅಧಿಕಾರಿಗಳ ನಾಯಕತ್ವ ತರಬೇತಿಗೆ ಸಿಸ್ಲೆಪ್ ಇದೆ. ಜಿಲ್ಲೆಗಳಲ್ಲಿ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು, ಅಂದರೆ ಡಯಟ್‌ಗಳಿವೆ. ದೆಹಲಿಯ ಸಾಂಸ್ಕೃತಿಕ ಸಂಪನ್ಮೂಲ ಮತ್ತು ತರಬೇತಿ ಕೇಂದ್ರ, ಅಂದರೆ ಸಿಸಿಆರ್‌ಟಿ, ಬೊಂಬೆಯಾಟದಿಂದ ಹಿಡಿದು ಸ್ಮಾರಕಗಳ ಅಧ್ಯಯನದವರೆಗೆ ದೇಶದ ನಾನಾ ಭಾಗದ ಶಿಕ್ಷಕರನ್ನು ಒಂದೆಡೆ ಸೇರಿಸಿ ಕಲಿಸುತ್ತದೆ. ಅದಕ್ಕೆ ಹೆಸರುಗಳು ಹೋಗಬೇಕಾದದ್ದು ರಾಜ್ಯದ ಮೂಲಕ. ಹಂಪಿ, ಐಹೊಳೆ, ಬನವಾಸಿಗಳ ಪಕ್ಕದ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಎಷ್ಟು ಶಿಕ್ಷಕರಿಗೆ ಈ ಸಂಸ್ಥೆಯ ಹೆಸರು ಗೊತ್ತಿದೆ ಎಂದು ತಾವು ಯಾವುದಾದರೂ ಕ್ಲಸ್ಟರ್ ಸಭೆಯಲ್ಲಿ ಕೈ ಎತ್ತಿಸಿ ನೋಡಿ.

ರಾಷ್ಟ್ರ ಮಟ್ಟದ ಶಿಕ್ಷಕರ ಪ್ರಶಸ್ತಿಯ ವಿಷಯವೂ ಇಲ್ಲಿ ಪ್ರಸ್ತುತ. 1958ರಲ್ಲಿ ಆರಂಭವಾದ ಈ ಪ್ರಶಸ್ತಿಗೆ 2018ರಿಂದ ಶಿಕ್ಷಕರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಅರ್ಜಿ ಹಾಕಲು ಯಾರ ಶಿಫಾರಸಿಗೂ ಕಾಯಬೇಕಿಲ್ಲ. ಇದು ನಿಜಕ್ಕೂ ದೊಡ್ಡ ಸುಧಾರಣೆ. ಆದರೂ ತಾನು ಮಾಡಿದ ಕೆಲಸದ ಫೋಟೋ, ವಿಡಿಯೊ, ದಾಖಲೆಗಳನ್ನು ವರ್ಷಗಳ ಕಾಲ ಜೋಡಿಸಿಟ್ಟುಕೊಂಡು, ಸರಿಯಾದ ಸಮಯಕ್ಕೆ ಏರಿಸಬೇಕೆಂಬುದನ್ನು ದೂರದ ಶಾಲೆಯ ಶಿಕ್ಷಕರಿಗೆ ಮೊದಲೇ ಹೇಳಿಕೊಡುವವರು ಯಾರು? ಊರಿನಲ್ಲಿ ನೆಟ್‌ವರ್ಕ್ ಸಿಗದೆ ಕೊನೆಯ ದಿನ ರಾತ್ರಿ ಗುಡ್ಡ ಹತ್ತಿ ಮೊಬೈಲ್ ಹಿಡಿದು ನಿಲ್ಲುವ ಶಿಕ್ಷಕರು ಇದ್ದಾರೆ ಎಂಬುದು ತಮಗೂ ತಿಳಿದ ವಿಷಯ. ಬಾಗಿಲು ತೆರೆದಿದೆ ಎಂಬ ಮಾತನ್ನು ಬಾಗಿಲಿನಿಂದ ದೂರ ಇರುವವರಿಗೆ ಹೋಗಿ ಹೇಳುವುದೂ ಇಲಾಖೆಯ ಕೆಲಸವೇ.

ಸುದ್ದಿ ತಡವಾದರೆ ಕೇವಲ ಅವಕಾಶ ತಪ್ಪುತ್ತದೆ ಎಂದುಕೊಂಡಿದ್ದ ನನಗೆ, ಸುದ್ದಿ ಸರಿಯಾಗಿ ಬಾರದಿದ್ದರೆ ನೆಮ್ಮದಿಯೂ ಹೋಗುತ್ತದೆ ಎಂಬುದನ್ನು 2025ರ ಸೆಪ್ಟೆಂಬರ್ ತೋರಿಸಿಕೊಟ್ಟಿತು. ಆ ತಿಂಗಳ 1ರಂದು ಸುಪ್ರೀಂ ಕೋರ್ಟ್ ಶಿಕ್ಷಕರ ಅರ್ಹತಾ ಪರೀಕ್ಷೆಯ, ಅಂದರೆ ಟಿಇಟಿಯ ಬಗ್ಗೆ ತೀರ್ಪು ನೀಡಿತು. ಶಿಕ್ಷಣ ಹಕ್ಕು ಕಾಯ್ದೆ ಬರುವುದಕ್ಕೆ ಮುಂಚೆಯೇ ನೇಮಕವಾಗಿ ಇನ್ನೂ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವ ಶಿಕ್ಷಕರು ಎರಡು ವರ್ಷದೊಳಗೆ ಟಿಇಟಿ ಉತ್ತೀರ್ಣರಾಗಬೇಕು. ಐದು ವರ್ಷಕ್ಕಿಂತ ಕಡಿಮೆ ಸೇವೆ ಉಳಿದವರು ನಿವೃತ್ತಿಯವರೆಗೆ ಮುಂದುವರಿಯಬಹುದು, ಆದರೆ ಮುಂಬಡ್ತಿ ಬೇಕಿದ್ದರೆ ಪರೀಕ್ಷೆ ಪಾಸಾಗಿರಲೇಬೇಕು ಎಂಬುದು ಅದರ ಸಾರ. ಅದರ ಮರುದಿನದಿಂದ ನನ್ನ ಮೊಬೈಲಿಗೆ ಹಳೆಯ ಸಹೋದ್ಯೋಗಿಗಳ ಕರೆಗಳು ಬರತೊಡಗಿದವು. ಎಲ್ಲರನ್ನೂ ಮನೆಗೆ ಕಳಿಸುತ್ತಾರಂತೆ ಎಂದು ಒಬ್ಬರು, ನಮ್ಮ ರಾಜ್ಯಕ್ಕೆ ಅನ್ವಯಿಸುವುದಿಲ್ಲವಂತೆ ಎಂದು ಇನ್ನೊಬ್ಬರು, ಇಂತಿಷ್ಟು ಹಣ ಕಟ್ಟಿದರೆ ಖಾಸಗಿ ಕೋಚಿಂಗ್‌ನವರು ಪಾಸು ಮಾಡಿಸುತ್ತಾರಂತೆ ಎಂದು ಮತ್ತೊಬ್ಬರು. ಇಪ್ಪತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಶಿಕ್ಷಕಿಯೊಬ್ಬರು ಫೋನಿನಲ್ಲಿ ನನ್ನನ್ನು ಕೇಳಿದ್ದು, ‘ಅಕ್ಕಾ, ನಾನು ಈ ವಯಸ್ಸಿನಲ್ಲಿ ಫೇಲ್ ಆದರೆ ನನ್ನ ಶಾಲೆಯ ಮಕ್ಕಳಿಗೆ ಹೇಗೆ ಮುಖ ತೋರಿಸಲಿ?’ ಎಂದು.

ಅವರಿಗೆ ಬೇಕಾಗಿದ್ದದ್ದು ಇಲಾಖೆಯಿಂದಲೇ ಬಂದ, ಸರಳ ಕನ್ನಡದ ಒಂದು ಪುಟ. ಯಾರಿಗೆ ಅನ್ವಯ, ಯಾರಿಗೆ ಇಲ್ಲ, ಯಾವ ತರಗತಿ ಕಲಿಸುವವರು ಮೊದಲ ಪತ್ರಿಕೆ ಬರೆಯಬೇಕು, ಯಾರು ಎರಡನೆಯದು, 150 ಅಂಕಗಳ ಪತ್ರಿಕೆಯಲ್ಲಿ ಮಕ್ಕಳ ವಿಕಾಸ ಮತ್ತು ಬೋಧನಾ ಶಾಸ್ತ್ರಕ್ಕೆ ಎಷ್ಟು, ಭಾಷೆಗಳಿಗೆ ಎಷ್ಟು, ಗಣಿತ ಮತ್ತು ಪರಿಸರ ಅಧ್ಯಯನಕ್ಕೆ ಎಷ್ಟು, ಮುಂದಿನ ಪರೀಕ್ಷೆ ಯಾವಾಗ, ಯಾವ ಡಯಟ್‌ನಲ್ಲಿ ಯಾವ ಭಾನುವಾರಗಳಂದು ಉಚಿತ ತಯಾರಿ ತರಗತಿ ಇದೆ ಎಂಬುದಿಷ್ಟನ್ನೂ ಹೇಳುವ ಒಂದು ಪುಟ. ಸೇವೆಯಲ್ಲಿರುವ ಶಿಕ್ಷಕರಿಗೆ ಪಾಠ ಹೇಳಲೆಂದೇ ಡಯಟ್‌ಗಳು ಹುಟ್ಟಿದ್ದು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಜಿಲ್ಲೆಗೊಂದರಂತೆ ಅವುಗಳನ್ನು ಕಟ್ಟಿದ್ದರ ಉದ್ದೇಶವೂ ಅದೇ. ಪರೀಕ್ಷೆಯ ಭಯದಲ್ಲಿರುವ ಹಿರಿಯ ಶಿಕ್ಷಕರನ್ನು ಕರೆದು ಕೂರಿಸಿ, ಅವರ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಸಿದ್ಧಗೊಳಿಸುವ ಕೆಲಸಕ್ಕಿಂತ ಹೆಚ್ಚಿನ ಅರ್ಥ ಈ ಹೊತ್ತಿನಲ್ಲಿ ಬೇರೆ ಯಾವ ತರಬೇತಿಗೂ ಇಲ್ಲ ಎಂದು ನನ್ನ ಅಭಿಪ್ರಾಯ.

ಈಗ ಇದು ಸಾಧ್ಯವೇ ಎಂಬ ಪ್ರಶ್ನೆಗೆ ಬರುತ್ತೇನೆ. ಸಾಧ್ಯವೆಂದು ಇಲಾಖೆಯೇ ಮಾಡಿ ತೋರಿಸಿದೆ. ಶಿಕ್ಷಕರ ವರ್ಗಾವಣೆ ಒಂದು ಕಾಲದಲ್ಲಿ ಹೇಗಿತ್ತು ಎಂಬುದು ನನ್ನ ವಯಸ್ಸಿನವರಿಗೆ ಚೆನ್ನಾಗಿ ಗೊತ್ತು: ಶಿಫಾರಸು ಪತ್ರ ಹಿಡಿದು ಬೆಂಗಳೂರಿನ ಬಸ್ಸು ಹತ್ತುವುದು, ಕಾರಿಡಾರಿನಲ್ಲಿ ನಿಲ್ಲುವುದು, ಬರಿಗೈಯಲ್ಲಿ ಮರಳುವುದು. 2007ರ ಕಾಯ್ದೆ, ಅದರ ನಂತರ 2020ರ ವರ್ಗಾವಣೆ ನಿಯಂತ್ರಣ ಕಾಯ್ದೆ ಬಂದ ಮೇಲೆ ಆ ಸ್ಥಿತಿ ಬಹುಮಟ್ಟಿಗೆ ಬದಲಾಯಿತು. ಇಂದು ವೇಳಾಪಟ್ಟಿ ಮೊದಲೇ ಪ್ರಕಟವಾಗುತ್ತದೆ. ಶಾಲೆಗಳನ್ನು ಪಟ್ಟಣದಿಂದ ಇರುವ ದೂರಕ್ಕೆ ತಕ್ಕಂತೆ ಎ, ಬಿ, ಸಿ ವಲಯಗಳೆಂದು ಗುರುತಿಸಿ, ಸೇವೆಗೆ ತಕ್ಕ ಅಂಕ ಕೊಟ್ಟು, ತಾತ್ಕಾಲಿಕ ಪಟ್ಟಿ ಹೊರಡಿಸಿ, ಆಕ್ಷೇಪಣೆ ಕೇಳಿ, ಅಂತಿಮ ಪಟ್ಟಿ ಹೊರಡಿಸಿ, ಕೌನ್ಸೆಲಿಂಗ್‌ನಲ್ಲಿ ಪರದೆಯ ಮೇಲೆ ಖಾಲಿ ಜಾಗ ತೋರಿಸಿ ಆಯ್ಕೆ ಕೇಳುತ್ತಾರೆ. ವಿಳಂಬಗಳಿವೆ, ವ್ಯಾಜ್ಯಗಳಿವೆ, ಆದರೂ ತನ್ನ ಕ್ರಮಸಂಖ್ಯೆ ಎಷ್ಟು, ತನಗಿಂತ ಮುಂದೆ ಯಾರಿದ್ದಾರೆ, ಏಕಿದ್ದಾರೆ ಎಂದು ಔರಾದಿನ ಶಿಕ್ಷಕಿಗೂ ತಿಳಿಯುತ್ತದೆ. ಸಿಆರ್‌ಪಿ ಹುದ್ದೆಗಳಿಗೂ, ತಾಲ್ಲೂಕು ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿ ಹುದ್ದೆಗಳಿಗೂ ಪರೀಕ್ಷೆ ಮತ್ತು ಕೌನ್ಸೆಲಿಂಗ್ ನಡೆಸಿದ್ದೀರಿ. ಹಾಗಿರುವಾಗ ತರಬೇತಿ, ಅಧ್ಯಯನ ಪ್ರವಾಸ, ಪಠ್ಯಪುಸ್ತಕ ಹಾಗೂ ತರಬೇತಿ ಸಾಹಿತ್ಯ ರಚನೆಯ ಕಾರ್ಯಾಗಾರ, ಸಂಪನ್ಮೂಲ ವ್ಯಕ್ತಿಗಳ ಆಯ್ಕೆ, ಇವು ಮಾತ್ರ ದೂರವಾಣಿಯ ಮೇಲೆ, ‘ನಿಮ್ಮಲ್ಲಿ ಯಾರಾದರೂ ಒಬ್ಬರನ್ನು ಕಳಿಸಿ’ ಎಂಬ ಮಾತಿನ ಮೇಲೆ ಏಕೆ ನಡೆಯಬೇಕು? ಜಿಲ್ಲೆಯಲ್ಲಿ ಯಾವ ಕಾರ್ಯಾಗಾರವೇ ಇರಲಿ, ಅದೇ ಏಳೆಂಟು ಮುಖಗಳು ಕಾಣುವುದು ಆ ಏಳೆಂಟು ಜನರ ತಪ್ಪಲ್ಲ; ಅವರಲ್ಲಿ ಹೆಚ್ಚಿನವರು ನಿಜಕ್ಕೂ ಸಮರ್ಥರೇ. ಉಳಿದ ಸಮರ್ಥರನ್ನು ಹುಡುಕುವ ವ್ಯವಸ್ಥೆ ಇಲ್ಲ, ಅಷ್ಟೆ.

ಸಾಧನಗಳೂ ಕೈಯಲ್ಲಿಯೇ ಇವೆ. ಪ್ರತಿಯೊಬ್ಬ ಕಾಯಂ ಶಿಕ್ಷಕರಿಗೂ ಕೆಜಿಐಡಿ, ಅಂದರೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಸಂಖ್ಯೆ ಇದೆ, ಅವರ ಶಾಲೆ, ವಿಷಯ, ವಿದ್ಯಾರ್ಹತೆ, ಮೊಬೈಲ್ ಸಂಖ್ಯೆ ಎಲ್ಲವೂ ಇಲಾಖೆಯ ದತ್ತಾಂಶದಲ್ಲಿವೆ. ವರ್ಗಾವಣೆಯ ಅರ್ಜಿ ನಡೆಯುವುದು ಅದರ ಮೇಲೆಯೇ. ವಿಜ್ಞಾನ ಶಿಕ್ಷಕರಿಗೆಂದು ಒಂದು ಅವಕಾಶ ಬಂದರೆ ರಾಜ್ಯದ ವಿಜ್ಞಾನ ಶಿಕ್ಷಕರಿಗೆಲ್ಲ ಅದೇ ಗಳಿಗೆಯಲ್ಲಿ ಒಂದು ಸಂದೇಶ ಹೋಗುವಂತೆ ಮಾಡಲು ಕಷ್ಟವೇನಿದೆ? ಸಿಆರ್‌ಪಿಗಳ ಗುಂಪಿನ ಮೂಲಕ ಬರುವುದು ಬರಲಿ, ಅದರ ಜೊತೆಗೆ ನೇರವಾಗಿಯೂ ಬರಲಿ. ಶೈಕ್ಷಣಿಕ ವರ್ಷದ ಆರಂಭದಲ್ಲಿ ಶಾಲೆಗಳಿಗೆ ವಾರ್ಷಿಕ ಮಾರ್ಗಸೂಚಿ ಕೊಡುತ್ತೀರಿ. ಅದರೊಂದಿಗೆ ಶಿಕ್ಷಕರ ಅವಕಾಶಗಳ ಒಂದು ಪಂಚಾಂಗವನ್ನೂ ಕೊಟ್ಟು, ಯಾವ ತಿಂಗಳಲ್ಲಿ ಯಾವುದಕ್ಕೆ ಅರ್ಜಿ ಕರೆಯಲಾಗುತ್ತದೆ, ಅರ್ಹತೆ ಏನು ಎಂದು ತಿಳಿಸಿದರೆ ಶಿಕ್ಷಕರು ಮೊದಲೇ ಸಿದ್ಧರಾಗುತ್ತಾರೆ. ಸುತ್ತೋಲೆ ಹೊರಟ ದಿನಕ್ಕೂ ಅರ್ಜಿಯ ಕೊನೆಯ ದಿನಕ್ಕೂ ನಡುವೆ ಕನಿಷ್ಠ ಹದಿನೈದು ದಿನಗಳ ಅಂತರ ಇರಲೇಬೇಕೆಂದು ತಾವು ಒಂದು ಆದೇಶ ಮಾಡಿದರೆ ಅರ್ಧ ಸಮಸ್ಯೆ ಅಲ್ಲಿಗೇ ತೀರುತ್ತದೆ. 19ನೇ ಶತಮಾನದಲ್ಲಿಯೇ ಧಾರವಾಡ, ಬೆಳಗಾವಿ ಸೀಮೆಯ ಕನ್ನಡ ಶಾಲೆಗಳ ಮಾಸ್ತರರಿಗಾಗಿ ‘ಮಠಪತ್ರಿಕೆ’ ಹೊರಡುತ್ತಿತ್ತು ಎಂಬುದನ್ನು ನೆನೆದಾಗ, ಇಷ್ಟು ಸಾಧನಗಳಿರುವ ಕಾಲದಲ್ಲಿ ಶಿಕ್ಷಕರೊಡನೆ ನೇರವಾಗಿ ಮಾತನಾಡುವ ಒಂದು ನಂಬಿಕಸ್ಥ ದಾರಿ ನಮಗೆ ಇಲ್ಲವಲ್ಲ ಎಂದು ಬೇಸರವಾಗುತ್ತದೆ.

ಸುದ್ದಿ ತಲುಪಿದ ಮಾತ್ರಕ್ಕೆ ಶಿಕ್ಷಕರು ಹೊರಟುಬಿಡಲಾರರು ಎಂಬುದನ್ನೂ ಹೇಳಬೇಕು. ಏಕೋಪಾಧ್ಯಾಯ ಶಾಲೆಯ ಶಿಕ್ಷಕಿ ಐದು ದಿನ ತರಬೇತಿಗೆ ಹೋದರೆ ಶಾಲೆಯ ಬೀಗ ತೆಗೆಯುವವರು ಯಾರು, ಬಿಸಿಯೂಟದ ಹಾಜರಿ ಬರೆಯುವವರು ಯಾರು? ಪಕ್ಕದ ಊರಿನ ಶಾಲೆಯಿಂದ ಒಬ್ಬರನ್ನು ಕಳಿಸಿ ಎಂದರೆ ಅಲ್ಲಿಯೂ ಇರುವುದು ಇಬ್ಬರೇ. ಹೀಗಾಗಿ ಯಾರಿಗೆ ಹೊರಗಿನ ಗಾಳಿ, ಹೊಸ ಮಾತು, ಸಹೋದ್ಯೋಗಿಗಳ ಒಡನಾಟ ಎಲ್ಲರಿಗಿಂತ ಹೆಚ್ಚು ಬೇಕಾಗಿದೆಯೋ ಅವರೇ ಎಲ್ಲರಿಗಿಂತ ಕಡಿಮೆ ಹೊರಡುತ್ತಾರೆ. ಕ್ಲಸ್ಟರಿಗೊಬ್ಬರಂತೆ ಬದಲಿ ಶಿಕ್ಷಕರನ್ನು ಗುರುತಿಸಿಟ್ಟು, ತರಬೇತಿಯ ದಿನಗಳಿಗೆ ಅವರನ್ನು ಕಳಿಸುವ ಏರ್ಪಾಡು ಇರಬೇಕು. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಪ್ರಕರಣವು ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಶಿಕ್ಷಣಕ್ಕೆ ಸಂಬಂಧಿಸದ ಬೇರೆ ಕೆಲಸಗಳಿಗೆ ಶಿಕ್ಷಕರನ್ನು ಹಚ್ಚಬಾರದೆಂದು ಹೇಳುತ್ತದೆ. ಪಾಠದ ಹೊರಗಿನ ಕೆಲಸಗಳಿಗೆ ಹೊರಡಲು ಶಿಕ್ಷಕರಿಗೆ ಒಂದೇ ದಿನದಲ್ಲಿ ಓಓಡಿ, ಅಂದರೆ ಅನ್ಯ ಕರ್ತವ್ಯದ ಅನುಮತಿ, ಮಂಜೂರಾಗುತ್ತದೆ, ಕಲಿಯಲು ಹೊರಟರೆ ಮಾತ್ರ ಶಾಲೆಗೆ ತೊಂದರೆಯಾಗುತ್ತದೆ ಎಂಬ ಷರಾ ಬೀಳುತ್ತದೆ. ಈ ಎರಡು ಅಳತೆ ಶಿಕ್ಷಕರ ಮನಸ್ಸಿಗೆ ತುಂಬ ನೋವು ಕೊಡುತ್ತದೆ.

ಶಿಕ್ಷಕಿಯರ ತೊಂದರೆ ಇನ್ನಷ್ಟು ಇದೆ. ವಸತಿಸಹಿತ ತರಬೇತಿ ಎಂದ ಕೂಡಲೇ ಎಳೆಯ ಮಕ್ಕಳಿರುವ ಶಿಕ್ಷಕಿಯರು ತಮ್ಮ ಹೆಸರು ಹಿಂಪಡೆಯುತ್ತಾರೆ. ತರಬೇತಿ ಕೇಂದ್ರದಲ್ಲಿ ಮಗುವನ್ನು ಮಲಗಿಸಲು ಒಂದು ಕೋಣೆ, ಮಗುವಿನ ಜೊತೆಗೆ ಬರುವ ತಾಯಿಗೋ ಅತ್ತೆಗೋ ಉಳಿಯಲು ಒಂದು ಹಾಸಿಗೆ, ನೀರು ಬರುವ ಶೌಚಾಲಯ, ಇಷ್ಟಿದ್ದರೆ ಎಷ್ಟೋ ಜನ ಬರುತ್ತಾರೆ. ಹಾಲುಣಿಸುವ ಮಗುವನ್ನು ಎತ್ತಿಕೊಂಡು ಬಂದ ಶಿಕ್ಷಕಿಯೊಬ್ಬರು ಮೂರು ದಿನವೂ ಸಭಾಂಗಣದ ಹಿಂದಿನ ಬಾಗಿಲಲ್ಲಿ ನಿಂತು, ಒಂದು ಕೈಯಲ್ಲಿ ಮಗುವನ್ನು ತಟ್ಟುತ್ತ ಇನ್ನೊಂದು ಕೈಯಲ್ಲಿ ಟಿಪ್ಪಣಿ ಬರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರಯಾಣ ಭತ್ಯೆ, ದಿನ ಭತ್ಯೆಗಳು ತಿಂಗಳುಗಟ್ಟಲೆ ಬಾಕಿ ಉಳಿಯದಂತೆ, ರಜೆಯಲ್ಲಿ ತರಬೇತಿಗೆ ಹೋದವರಿಗೆ ಗಳಿಕೆ ರಜೆ ಅವರು ಕಚೇರಿಗೆ ಅಲೆಯದೆ ಸೇವಾ ಪುಸ್ತಕಕ್ಕೆ ಏರುವಂತೆ ನೋಡಿಕೊಳ್ಳುವುದೂ ಇದರೊಳಗೇ ಸೇರಿದೆ.

ಅತಿಥಿ ಶಿಕ್ಷಕರನ್ನು ನಾನು ಮರೆಯಲಾರೆ. ಹತ್ತಾರು ಸಾವಿರ ಸಂಖ್ಯೆಯಲ್ಲಿರುವ ಇವರು ಇಲ್ಲದಿದ್ದರೆ ಗಡಿ ತಾಲ್ಲೂಕುಗಳ ಎಷ್ಟೋ ಶಾಲೆಗಳಲ್ಲಿ ಪಾಠವೇ ನಡೆಯುವುದಿಲ್ಲ. ಅವರಿಗೆ ಕೆಜಿಐಡಿ ಸಂಖ್ಯೆ ಇಲ್ಲ, ಆದ್ದರಿಂದ ಯಾವ ಪಟ್ಟಿಯಲ್ಲಿಯೂ ಅವರಿಲ್ಲ, ಯಾವ ತರಬೇತಿಯ ಸುದ್ದಿಯೂ ಅವರ ಹೆಸರಿಗೆ ಬರುವುದಿಲ್ಲ. ಮೂರನೆಯ ತರಗತಿಯಲ್ಲಿ ಕುಳಿತ ಮಗುವಿಗೆ ತನ್ನ ಟೀಚರ್ ಕಾಯಂ ನೌಕರಳೋ ಅತಿಥಿಯೋ ಗೊತ್ತಿರುವುದಿಲ್ಲ. ಆ ಮಗುವಿನ ದೃಷ್ಟಿಯಿಂದ ನೋಡಿದರೆ, ಶಾಲೆ ಆರಂಭವಾಗುವ ಮೊದಲು ಅತಿಥಿ ಶಿಕ್ಷಕರಿಗೆ ಕ್ಲಸ್ಟರ್ ಮಟ್ಟದಲ್ಲಿ ಒಂದು ವಾರದ ತರಬೇತಿ, ಅದಕ್ಕೆ ಗೌರವಧನ, ಮತ್ತು ಒಂದು ಪ್ರಮಾಣಪತ್ರ ಕೊಡುವುದು ನ್ಯಾಯವೆನಿಸುತ್ತದೆ.

ಆನ್‌ಲೈನ್ ತರಬೇತಿಗಳ ಬಗ್ಗೆ ಒಂದೆರಡು ಮಾತು. 2017ರಲ್ಲಿ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆ, 2019ರಲ್ಲಿ ನಿಷ್ಠಾ ಎಂಬ ಶಿಕ್ಷಕರ ತರಬೇತಿ ಕಾರ್ಯಕ್ರಮ ಬಂದವು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಕಲಿಕೆ ಇರಬೇಕೆಂದು ಹೇಳಿತು. ಕೋವಿಡ್ ಕಾಲದಲ್ಲಿ ಇವು ಆಸರೆಯಾದದ್ದು ನಿಜ. ಆದರೆ ತಾಲ್ಲೂಕಿನ ಶೇಕಡಾವಾರು ಏರಬೇಕೆಂದು ವಿಡಿಯೊ ಓಡಲು ಬಿಟ್ಟು, ಕೊನೆಯ ಪ್ರಶ್ನೆಗಳ ಉತ್ತರವನ್ನು ಗುಂಪಿನಲ್ಲಿ ಹಂಚಿಕೊಂಡು ಪ್ರಮಾಣಪತ್ರ ಪಡೆಯುವ ರೂಢಿ ಬೆಳೆದಿದೆ ಎಂದು ಹೇಳಲು ನನಗೆ ಸಂಕಟವಾಗುತ್ತದೆ. ಶಿಕ್ಷಕರು ತಾವಾಗಿ ಆರಿಸಿಕೊಂಡದ್ದನ್ನು ಮಾತ್ರ ಮನಸ್ಸಿಟ್ಟು ಕಲಿಯುತ್ತಾರೆ. ಡಿಎಸ್‌ಇಆರ್‌ಟಿ ಜೊತೆಗೂಡಿ ರೂಪುಗೊಂಡ ವಿಷಯ ಶಿಕ್ಷಕರ ವೇದಿಕೆಯಲ್ಲಿ ಪ್ರೌಢಶಾಲಾ ಶಿಕ್ಷಕರು ಯಾವ ಒತ್ತಾಯವೂ ಇಲ್ಲದೆ ಒಬ್ಬರಿಗೊಬ್ಬರು ಪಾಠದ ಸಾಮಗ್ರಿ, ಪ್ರಶ್ನೆ, ಪ್ರಯೋಗಗಳನ್ನು ಹಂಚಿಕೊಂಡದ್ದನ್ನು, ಕರ್ನಾಟಕದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣಕ್ಕೆ ಕನ್ನಡದಲ್ಲಿ ಬರೆದದ್ದನ್ನು ಇಲಾಖೆ ನೋಡಿದೆ. ಪ್ರಾಥಮಿಕ ಶಾಲಾ ಶಿಕ್ಷಕರಿಗೂ ಅಂಥ ಆಯ್ಕೆಯ ಸ್ವಾತಂತ್ರ್ಯ ಬೇಕು.

ಆಯ್ಕೆಯಾದವರ ಹೆಸರುಗಳನ್ನು ಕಾರಣಸಹಿತ ಪ್ರಕಟಿಸಿ ಎಂದು ಕೇಳಿದಾಗ, ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಎಂಬ ಉತ್ತರ ಒಮ್ಮೆ ನನಗೆ ಬಂದಿತ್ತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಪ್ರಕರಣವು, ಜನರು ಅರ್ಜಿ ಹಾಕುವ ಪ್ರಸಂಗವೇ ಆದಷ್ಟು ಕಡಿಮೆಯಾಗುವಂತೆ ಸಾರ್ವಜನಿಕ ಪ್ರಾಧಿಕಾರಗಳು ಮಾಹಿತಿಯನ್ನು ತಾವಾಗಿಯೇ ಪ್ರಕಟಿಸುತ್ತಿರಬೇಕೆಂದು ಹೇಳುತ್ತದೆ. ತರಬೇತಿಗೆ ಯಾರು ಅರ್ಜಿ ಹಾಕಿದರು, ಯಾವ ಮಾನದಂಡದ ಮೇಲೆ ಯಾರು ಆಯ್ಕೆಯಾದರು, ಕಳೆದ ಮೂರು ವರ್ಷಗಳಲ್ಲಿ ಒಂದೂ ಅವಕಾಶ ಸಿಗದವರಿಗೆ ಎಷ್ಟು ಆದ್ಯತೆ ದೊರೆಯಿತು ಎಂಬುದು ತಾಲ್ಲೂಕುವಾರು ಇಲಾಖೆಯ ಜಾಲತಾಣದಲ್ಲಿ ಕಾಣುವಂತಿರಬೇಕು. ವರ್ಗಾವಣೆಯಲ್ಲಿ ಸಿ ವಲಯದ ಸೇವೆಗೆ ಕೊಡುವ ಹೆಚ್ಚಿನ ಅಂಕವನ್ನು ತರಬೇತಿಯ ಆಯ್ಕೆಯಲ್ಲಿಯೂ ಕೊಟ್ಟರೆ ದೂರದ ಶಾಲೆಯಲ್ಲಿ ದುಡಿಯುವವರಿಗೆ ಅದೊಂದು ನಿಜವಾದ ಮನ್ನಣೆಯಾಗುತ್ತದೆ.

ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಸರ್ಕಾರಕ್ಕೆ ವರದಿ ಸಲ್ಲಿಸಿದೆ. ಅದರ ಜಾರಿಗೆ ಸಮಯ ಬೇಕಾಗಬಹುದು. ನಾನು ಕೇಳುತ್ತಿರುವುದಕ್ಕೆ ಯಾವ ಆಯೋಗದ ವರದಿಗೂ ಕಾಯಬೇಕಿಲ್ಲ. ಹದಿನೈದು ದಿನಗಳ ಅಂತರದ ಆದೇಶ, ಕೆಜಿಐಡಿ ಆಧಾರದ ನೇರ ಸಂದೇಶ, ಟಿಇಟಿ ಕುರಿತ ಒಂದು ಪುಟದ ಸ್ಪಷ್ಟೀಕರಣ, ಇವು ತಮ್ಮ ಸಹಿಯಿಂದಲೇ ಆಗುವ ಕೆಲಸಗಳು. ಅಪರ ಆಯುಕ್ತರಲ್ಲಿ ನನ್ನ ಪ್ರತ್ಯೇಕ ವಿನಂತಿ: ಕಲಬುರಗಿ ಮತ್ತು ಧಾರವಾಡ ವಿಭಾಗಗಳಲ್ಲಿ ತಲಾ ಒಂದು ತಾಲ್ಲೂಕನ್ನು ತಾವೇ ಆರಿಸಿಕೊಂಡು, ಕಳೆದ ಮೂರು ವರ್ಷಗಳಲ್ಲಿ ಅಲ್ಲಿಂದ ಹೊರಗಿನ ತರಬೇತಿಗಳಿಗೆ ಹೋದ ಶಿಕ್ಷಕರ ಪಟ್ಟಿಯನ್ನೂ, ಒಮ್ಮೆಯೂ ಹೋಗದವರ ಪಟ್ಟಿಯನ್ನೂ ತರಿಸಿ, ಎರಡನ್ನೂ ಪ್ರಕಟಿಸಬೇಕು. ಮುಂದಿನ ಬೇಸಿಗೆ ರಜೆಯ ತರಬೇತಿಗಳಿಗೆ ಹೆಸರು ಕರೆಯುವ ಮೊದಲು ಇದು ಆದರೆ, ಎರಡನೆಯ ಪಟ್ಟಿಯಲ್ಲಿರುವವರಿಂದಲೇ ಆಯ್ಕೆ ಆರಂಭಿಸಲು ಸಾಧ್ಯವಾಗುತ್ತದೆ.

ಗೌರವಪೂರ್ವಕವಾಗಿ,

ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯ ಶಿಕ್ಷಕಿ,
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಲ್ಯಾಣ ಕರ್ನಾಟಕ